ಹೊರಕೋಣೆಯ ಕಚೇರಿಗೆ ಇಂಟರ್‌ನೆಟ್ ಒಯ್ಯುವ ಬಗೆ



ಈ ಸಂಚಿಕೆಯ ಪಾಠದಲ್ಲಿ ಕೆಚ್ಚಲುಬಾವಿನ ಮಾತಿಲ್ಲ, ಹಸಿರು ಮೇವಿನ ಮಾತೂ ಇಲ್ಲ. ಸಂಘಗಳ ಗಣಕಯಂತ್ರ ಮತ್ತು ತೂಕದ ಯಂತ್ರಗಳ ದುರಸ್ತಿಗೆಂದು ಊರೂರು ತಿರುಗುವ ನನಗೆ ಈಗ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿದೆ. ಕೆಲಸ ಮುಗಿಸಿ ಚೀಲ ಕಟ್ಟುವಷ್ಟರಲ್ಲಿ ಯಾರಾದರೂ ಒಬ್ಬ ಸದಸ್ಯರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಸಾರ್, ಮನೇಲಿ ಇಂಟರ್‌ನೆಟ್ ಚೆನ್ನಾಗಿ ಬರ್ತದೆ. ಮಗ ಕೆಲಸ ಮಾಡೋದು ಕೊಟ್ಟಿಗೆ ಆಚೆ ರೂಮಲ್ಲಿ. ಅಲ್ಲಿಗೆ ಮಾತ್ರ ಬರೋದಿಲ್ಲ. ಏನ್ ಮಾಡೋದು?"

2020ರಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳಲ್ಲಿ ಕೆಲವರು ಇಲ್ಲೇ ನಿಂತಿದ್ದಾರೆ. ಬೆಳಿಗ್ಗೆ ಹಾಲು ಕರೆದು ಸಂಘಕ್ಕೆ ಹಾಕಿ ಬಂದು, ಒಂಬತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಕೂರುವ ಹುಡುಗರೂ ಹೆಣ್ಣುಮಕ್ಕಳೂ ನಮ್ಮ ಸದಸ್ಯರ ಮನೆಗಳಲ್ಲಿದ್ದಾರೆ. ಮನೆಯೊಳಗೆ ಮಿಕ್ಸಿ, ಟಿ.ವಿ., ಬಂದುಹೋಗುವವರ ಗದ್ದಲ. ಆದ್ದರಿಂದ ಹಳೆಯ ಉಗ್ರಾಣವನ್ನೋ, ಕಣದ ಪಕ್ಕದ ಕೋಣೆಯನ್ನೋ ಸುಣ್ಣ ಬಳಿದು ಕಚೇರಿ ಮಾಡಿಕೊಳ್ಳುತ್ತಾರೆ. ಕರು ಹಾಕುವ ಹಸುವನ್ನು ರಾತ್ರಿ ಮಲಗಿದಲ್ಲಿಂದಲೇ ನೋಡಲು ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಬೇಕೆನ್ನುವವರ ಸಮಸ್ಯೆಯೂ ಇದೇ. ಮನೆಗೆ ಬಂದಿರುವ ಸಂಪರ್ಕವನ್ನು ಬೇರೆ ಕಟ್ಟಡಕ್ಕೆ ಒಯ್ಯಬೇಕು. ಇದು ದೊಡ್ಡ ವಿದ್ಯೆಯೇನಲ್ಲ. ಆದರೆ ತಪ್ಪಾಗಿ ಮಾಡಿದರೆ ಹಣ ಹೋಗುವುದಲ್ಲದೆ ಜೀವಕ್ಕೂ ಅಪಾಯವುಂಟು. ಆ ತಪ್ಪನ್ನು ನಾನೇ ಮಾಡಿದ್ದೇನೆ. ಆದ್ದರಿಂದಲೇ ಈ ಪಾಠ ಬರೆಯುತ್ತಿದ್ದೇನೆ.

ನಮ್ಮ ಅಣ್ಣನ ಮನೆಯಿಂದ ಹಿಂದಿನ ಉಗ್ರಾಣಕ್ಕೆ ಸುಮಾರು 140 ಅಡಿ. ನಡುವೆ ಕೊಟ್ಟಿಗೆ, ಎರಡು ತೆಂಗಿನ ಮರ. ಅಣ್ಣನ ಮಗಳು ಅಲ್ಲಿ ಕೂತು ಕೆಲಸ ಮಾಡುತ್ತಿದ್ದಳು. "ಚಿಕ್ಕಪ್ಪ, ಮೀಟಿಂಗ್ ಮಧ್ಯೆ ಕಟ್ ಆಗ್ತಿದೆ, ಹೀಗೇ ಆದ್ರೆ ವಾಪಸ್ ಬೆಂಗಳೂರಿಗೆ ಬನ್ನಿ ಅಂತಾರೆ" ಎಂದಳು. ಒಂದು ಭಾನುವಾರ ನಾನೇ ಹೋಗಿ ಮನೆಯ ಸೂರಿನಿಂದ ಉಗ್ರಾಣದ ಸೂರಿಗೆ ತಾಮ್ರದ ನೆಟ್‌ವರ್ಕ್ ವಯರು ಎಳೆದು ಕಟ್ಟಿದೆ. ಅಂದೇ ಸಂಜೆ ಎಲ್ಲವೂ ಸರಿಹೋಯಿತು. ಆರು ತಿಂಗಳು ಚೆನ್ನಾಗಿಯೇ ನಡೆಯಿತು. 2021ರ ಮೇ ತಿಂಗಳು, ಕೃತ್ತಿಕೆ ಮಳೆಯ ಒಂದು ಮಧ್ಯಾಹ್ನ, ಕೊಟ್ಟಿಗೆ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ವಯರಿಗೆ ಬಡಿಯಲಿಲ್ಲ, ಮನೆಗೂ ಬಡಿಯಲಿಲ್ಲ. ಆದರೂ ಎರಡು ಕಡೆಯ ರೂಟರ್, ಟಿ.ವಿ., ಲ್ಯಾಪ್‌ಟಾಪ್ ಎಲ್ಲವೂ ಸುಟ್ಟವು. ಕಿವಿಗೆ ವಯರಿನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಹುಡುಗಿ ಕಾಫಿಗೆಂದು ಎದ್ದು ಮನೆಗೆ ಬಂದು ಐದು ನಿಮಿಷವೂ ಆಗಿರಲಿಲ್ಲ. ಅದಾದ ಮೇಲೆ ನನಗೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಏಕೆ ಹೀಗಾಯಿತು ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ದೋಷ ಎಲ್ಲಿದೆ ನೋಡಿ

ಹಸು ಮೇವು ಬಿಟ್ಟರೆ ಮೊದಲು ಜ್ವರ ನೋಡುವಂತೆ, ಇಲ್ಲಿಯೂ ಮೊದಲು ಪರೀಕ್ಷೆ ಮಾಡತಕ್ಕದ್ದು. ಮನೆಯಲ್ಲಿ ರೂಟರಿನ ಪಕ್ಕದಲ್ಲೇ ನಿಂತು ಫೋನಿನಲ್ಲಿ ವೇಗ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ. ರೂಟರಿನ ಬುಡದಲ್ಲೇ ವೇಗ ಇಲ್ಲದಿದ್ದರೆ ಮುಂದಕ್ಕೆ ಏನು ಎಳೆದರೂ ಪ್ರಯೋಜನವಿಲ್ಲ, ಸಂಪರ್ಕ ಕೊಟ್ಟವರನ್ನೇ ಕೇಳಬೇಕು. ಅಲ್ಲಿ ಚೆನ್ನಾಗಿದ್ದು ಹೊರಕೋಣೆಯಲ್ಲಿ ಬಿದ್ದುಹೋಗುತ್ತಿದ್ದರೆ ಮಾತ್ರ ಈ ಪಾಠ ನಿಮಗೆ. ಒಂದು ವಿಡಿಯೋ ಸಭೆಗೆ ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಸಿಕ್ಕರೆ ಧಾರಾಳ. ಆದ್ದರಿಂದ ಬೇಕಾಗಿರುವುದು ಹೆಚ್ಚಿನ ವೇಗವಲ್ಲ, ಕಡಿಯದೆ ಬರುವ ಸಂಪರ್ಕ.

ಅನಂತರ ಖರ್ಚಿಲ್ಲದ ಉಪಾಯವೊಂದನ್ನು ಮಾಡಿ ನೋಡಿ. ರೂಟರನ್ನು ನಡುಮನೆಯ ಟಿ.ವಿ. ಹಿಂದಿನಿಂದ ತೆಗೆದು, ಹೊರಕೋಣೆಯ ಕಡೆಗಿರುವ ಕಿಟಕಿಯ ಬಳಿ ಎತ್ತರದಲ್ಲಿಡಿ. ವೈಫೈ ಅಲೆ ಗಾಜು, ಮರ, ಹೆಂಚುಗಳನ್ನು ದಾಟಿ ಹೋಗುತ್ತದೆ. ಎರಡು ಅಡಿ ದಪ್ಪದ ಮಣ್ಣು ಗೋಡೆ, ಕಲ್ಲು ಗೋಡೆಗಳಲ್ಲಿ ಬಹುಪಾಲು ಕಳೆದುಹೋಗುತ್ತದೆ. ಕಬ್ಬಿಣದ ಶೀಟು, ನೀರಿನ ತೊಟ್ಟಿ ಇವುಗಳನ್ನು ದಾಟುವುದೇ ಇಲ್ಲ ಎನ್ನಬಹುದು. ನಮ್ಮ ಕೊಟ್ಟಿಗೆಗಳಿಗೆ ಶೀಟಿನ ಸೂರು ಬಂದಂದಿನಿಂದ ಈ ತೊಂದರೆ ಹೆಚ್ಚಾಗಿದೆ. ಮೂವತ್ತು ನಲವತ್ತು ಅಡಿ ದೂರ, ಎದುರುಬದುರು ಕಿಟಕಿ ಇದ್ದರೆ ಇಷ್ಟರಲ್ಲೇ ಕೆಲಸ ಆದರೂ ಆಗಬಹುದು.

ಅಂಗಡಿಯಲ್ಲಿ ಮೊದಲು ತೋರಿಸುವ ವಸ್ತು ರಿಪೀಟರ್. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಡಬ್ಬಿ. ನಾನು ಇದರ ಪರವಾಗಿಲ್ಲ. ಡೈರಿಯಲ್ಲಿ ಒಬ್ಬನೇ ನಿಂತು ಲಾರಿಗೆ ಕ್ಯಾನು ಏರಿಸುವುದನ್ನು ನೆನೆಯಿರಿ. ಕೆಳಗಿನವನಿಂದ ಒಂದು ಕ್ಯಾನು ತೆಗೆದುಕೊಳ್ಳಬೇಕು, ತಿರುಗಿ ಮೇಲಿನವನಿಗೆ ಕೊಡಬೇಕು. ತೆಗೆದುಕೊಳ್ಳುವಾಗ ಕೊಡಲಾಗದು, ಕೊಡುವಾಗ ತೆಗೆದುಕೊಳ್ಳಲಾಗದು. ಒಂದೇ ರೇಡಿಯೋ ಇರುವ ರಿಪೀಟರಿನ ಸ್ಥಿತಿಯೂ ಇದೇ, ವೇಗ ಅರ್ಧಕ್ಕಿಳಿಯುತ್ತದೆ. ಅಲ್ಲದೆ ಜನ ಇದನ್ನು ಸಿಗ್ನಲ್ ಇಲ್ಲದ ಹೊರಕೋಣೆಯಲ್ಲೇ ಸಿಕ್ಕಿಸುತ್ತಾರೆ. ಬರದೇ ಇರುವುದನ್ನು ಅದು ಎಲ್ಲಿಂದ ಹಂಚೀತು? ಕರೆಂಟಿನ ವಯರಿನಲ್ಲೇ ಇಂಟರ್‌ನೆಟ್ ಕಳಿಸುವ ಡಬ್ಬಿಗಳೂ ಬಂದಿವೆ. ಮನೆಗೊಂದು ಫೇಸು, ಹೊರಕೋಣೆಗೊಂದು ಫೇಸು, ಕೆಲವೆಡೆ ಬೇರೆ ಮೀಟರು, ನಡುವೆ ಮೋಟರು ಓಡುವ ನಮ್ಮಲ್ಲಿ ಅವುಗಳನ್ನು ನಂಬಬೇಡಿ.

ಉಳಿಯುವುದು ಮೂರು ದಾರಿ: ತಾಮ್ರದ ವಯರು, ಗಾಜಿನ ಎಳೆಯ ಕೇಬಲ್ಲು, ಮತ್ತು ಎದುರುಬದುರು ನಿಲ್ಲಿಸುವ ರೇಡಿಯೋ ಜೋಡಿ.

ತಾಮ್ರದ ವಯರು ಮತ್ತು ಸಿಡಿಲು

ಎಂಟು ಎಳೆಗಳನ್ನು ನಾಲ್ಕು ಜೋಡಿಯಾಗಿ ಹೊಸೆದ ವಯರನ್ನು ಕ್ಯಾಟ್ 5ಇ, ಕ್ಯಾಟ್ 6 ಎಂಬ ಹೆಸರಿನಲ್ಲಿ ಮಾರುತ್ತಾರೆ. ಇದರ ಮಿತಿ 100 ಮೀಟರ್, ಅಂದರೆ ಸುಮಾರು 328 ಅಡಿ. ಅಳೆಯುವಾಗ ನೇರ ದೂರ ಅಳೆಯಬೇಡಿ. ಗೋಡೆ ಹತ್ತಿ ಇಳಿಯುವುದು, ಮೂಲೆ ಸುತ್ತುವುದು ಎಲ್ಲವನ್ನೂ ಸೇರಿಸಿ. ಈ ದೂರದೊಳಗೆ ಕ್ಯಾಟ್ 5ಇ ಕೂಡ ಸೆಕೆಂಡಿಗೆ 1000 ಮೆಗಾಬಿಟ್ ಒಯ್ಯಬಲ್ಲದು. ಮನೆ ಬಳಕೆಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಹಾಲಿಗೆ ನೀರು ಬೆರೆಸುವವರಿದ್ದಂತೆ ಇಲ್ಲಿಯೂ ಕಲಬೆರಕೆಯುಂಟು. ಅಲ್ಯೂಮಿನಿಯಮ್ ತಂತಿಗೆ ಮೇಲೆ ತೆಳುವಾಗಿ ತಾಮ್ರ ಹೊದಿಸಿ ಅದನ್ನೇ ಅಗ್ಗವಾಗಿ ಮಾರುತ್ತಾರೆ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಸಿ.ಸಿ.ಎ. ಎಂದಿದ್ದರೆ ಇದೇ ಮಾಲು. ಲ್ಯಾಕ್ಟೋಮೀಟರ್ ಬೇಕಿಲ್ಲ, ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಮ್, ಒಳಗೂ ಕೆಂಪಗೇ ಇದ್ದರೆ ತಾಮ್ರ. ಕಲಬೆರಕೆ ವಯರು ಎರಡು ಮೂರು ಸಲ ಬಗ್ಗಿಸಿದರೆ ಒಳಗೇ ತುಂಡಾಗುತ್ತದೆ, ಅದರಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸಿದರೆ ಬಿಸಿಯಾಗುತ್ತದೆ.

ಇಷ್ಟು ಹೇಳಿಯೂ, ಎರಡು ಬೇರೆ ಬೇರೆ ಕಟ್ಟಡಗಳ ನಡುವೆ ತಾಮ್ರದ ವಯರು ಎಳೆಯಬೇಡಿ ಎಂದೇ ನನ್ನ ಸಲಹೆ. ಒಂದೇ ಕಟ್ಟಡದ ಒಳಗೆ, ಗೋಡೆಗೆ ಗೋಡೆ ಸೇರಿದ ಕೋಣೆಗೆ ಎಳೆಯಲು ಅಡ್ಡಿಯಿಲ್ಲ. ಕಾರಣ ಇದು.

ಮರದ ಕೆಳಗೆ ಕಟ್ಟಿದ ಹಸು ಸಿಡಿಲಿಗೆ ಸತ್ತಿದ್ದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಹಸುವಿನ ಮೈಮೇಲೆ ಒಂದು ಗಾಯವೂ ಇಲ್ಲದಿರುವುದುಂಟು. ಸಿಡಿಲು ಬಡಿದದ್ದು ಮರಕ್ಕೆ, ಸತ್ತದ್ದು ಹಸು, ಇದು ಹೇಗೆ? ಮರದಿಂದ ನೆಲಕ್ಕಿಳಿದ ವಿದ್ಯುತ್ತು ಬುಡದಿಂದ ಸುತ್ತಲೂ ಹರಡುತ್ತದೆ. ಬುಡದ ಬಳಿ ನೆಲದ ವೋಲ್ಟೇಜು ಅತಿ ಹೆಚ್ಚು, ದೂರ ಹೋದಂತೆ ಕಡಿಮೆ. ಹಸುವಿನ ಮುಂಗಾಲು ಒಂದು ಕಡೆ, ಹಿಂಗಾಲು ನಾಲ್ಕೈದು ಅಡಿ ಆಚೆ. ಆ ಎರಡು ಜಾಗಗಳ ವೋಲ್ಟೇಜಿನ ವ್ಯತ್ಯಾಸವೇ ಮುಂಗಾಲಿನಿಂದ ಹಿಂಗಾಲಿಗೆ, ನಡುವಿನ ಹೃದಯದ ಮೂಲಕ ವಿದ್ಯುತ್ತನ್ನು ಹರಿಸುತ್ತದೆ. ಮನುಷ್ಯನ ಎರಡು ಪಾದಗಳು ಹತ್ತಿರವಿರುವುದರಿಂದ ಅವನು ಕೆಲವೊಮ್ಮೆ ಉಳಿಯುತ್ತಾನೆ, ನಾಲ್ಕು ಕಾಲಿನ ಪ್ರಾಣಿ ಉಳಿಯುವುದು ಕಡಿಮೆ.

ಈಗ ಹಸುವಿನ ಜಾಗದಲ್ಲಿ ವಯರನ್ನು ಇಟ್ಟು ನೋಡಿ. ಮನೆಗೆ ಒಂದು ಅರ್ಥಿಂಗ್, ಉಗ್ರಾಣಕ್ಕೆ ಇನ್ನೊಂದು. ಮರ ಉಗ್ರಾಣದ ಹತ್ತಿರ. ಸಿಡಿಲು ನೆಲಕ್ಕಿಳಿದ ಕ್ಷಣದಲ್ಲಿ ಉಗ್ರಾಣದ ನೆಲ ಸಾವಿರಾರು ವೋಲ್ಟಿಗೆ ಏರುತ್ತದೆ, ಮನೆಯ ನೆಲ ಅಷ್ಟು ಏರುವುದಿಲ್ಲ. ನಡುವೆ ತಾಮ್ರದ ಸೇತುವೆ ಕಟ್ಟಿಕೊಟ್ಟವನು ನಾನು. ನೆಟ್‌ವರ್ಕ್ ಉಪಕರಣಗಳ ಒಳಗೆ ಸುಮಾರು 1500 ವೋಲ್ಟನ್ನು ತಡೆಯುವ ಸಣ್ಣ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಅದರ ಮೇಲೆ ಬಂದದ್ದು ಅವನ್ನು ಹರಿದುಕೊಂಡು ಉಪಕರಣಕ್ಕೆ, ಅಲ್ಲಿಂದ ಅದನ್ನು ಮುಟ್ಟಿಕೊಂಡಿರುವವರಿಗೆ ದಾಟುತ್ತದೆ. ಸಿಡಿಲು ತಡೆಯುವ ಡಬ್ಬಿಗಳು ಮಾರಾಟಕ್ಕಿವೆ, ನಿಜ. ಅವು ಕೆಲಸ ಮಾಡಬೇಕಾದರೆ ಎರಡೂ ಕಡೆ ಅರ್ಥಿಂಗ್ ಚೆನ್ನಾಗಿರಬೇಕು. ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರು ಕಾಣದೆ ಒಣಗಿ ಬಿರಿದಿರುವ ನಮ್ಮ ಅರ್ಥಿಂಗ್ ಗುಂಡಿಗಳನ್ನು ನೆನೆದರೆ, ಆ ಡಬ್ಬಿಯ ಮೇಲೆ ಮಕ್ಕಳ ಜೀವ ಬಿಡುವ ಧೈರ್ಯ ನನಗಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆ ಗುಡುಗು ಸಿಡಿಲಿಲ್ಲದೆ ಬರುವುದೇ ಅಪರೂಪ. ವಯರು ನೆಲದೊಳಗೆ ಹೂತಿದ್ದರೂ ಈ ಅಪಾಯ ತಪ್ಪುವುದಿಲ್ಲ ಎಂಬುದನ್ನು ಗಮನಿಸಿರಿ.

ಗಾಜಿನ ಎಳೆ

ಮರುವರ್ಷ ಅಣ್ಣನ ಮನೆಯಲ್ಲಿ ಹಾಕಿದ್ದು ಆಪ್ಟಿಕಲ್ ಫೈಬರ್. ಇದು ಕೂದಲೆಳೆಗಿಂತ ಅಷ್ಟೇನೂ ದಪ್ಪವಲ್ಲದ ಗಾಜಿನ ಎಳೆ, ಮಿಲಿಮೀಟರಿನ ಎಂಟನೆಯ ಒಂದು ಭಾಗ ದಪ್ಪ. ಒಳಗೆ ಹರಿಯುವುದು ಬೆಳಕು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ, ಆದ್ದರಿಂದ ಎರಡು ನೆಲಗಳ ನಡುವೆ ಸೇತುವೆಯಾಗುವುದಿಲ್ಲ. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಬೆಳಕಿನಲ್ಲಿ ದೂರಕ್ಕೆ ಮಾತು ಕಳಿಸಬಹುದೆಂದು 1966ರಲ್ಲೇ ತೋರಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು. ನಿಮ್ಮ ಮನೆಗೆ ಇಂಟರ್‌ನೆಟ್ ತಂದಿರುವ ಕಪ್ಪು ಕೇಬಲ್ಲಿನೊಳಗೂ ಬಹುಮಟ್ಟಿಗೆ ಇದೇ ಇದೆ. ದುಬಾರಿ ಎಂದು ಹೆದರಬೇಡಿ. ಮೀಟರೊಂದಕ್ಕೆ ಲೆಕ್ಕ ಹಾಕಿದರೆ ಒಳ್ಳೆಯ ತಾಮ್ರದ ವಯರಿಗಿಂತ ಇದು ಅಗ್ಗವಾಗಿಯೇ ಸಿಗುತ್ತದೆ. ಖರ್ಚೆಲ್ಲ ತುದಿಗಳಲ್ಲಿ ಮತ್ತು ಅಗೆತದ ಕೂಲಿಯಲ್ಲಿ.

ಬೇಕಾಗುವ ಸಾಮಾನು ಇಷ್ಟು. ಸಿಂಗಲ್ ಮೋಡ್ ಫೈಬರಿನ ಮನೆ ಸಂಪರ್ಕದ ಕೇಬಲ್ಲು, ಅಳತೆಗಿಂತ ಹದಿನೈದು ಇಪ್ಪತ್ತು ಅಡಿ ಹೆಚ್ಚಾಗಿ. ಬೆಳಕನ್ನು ವಿದ್ಯುತ್ತಿಗೂ ವಿದ್ಯುತ್ತನ್ನು ಬೆಳಕಿಗೂ ತಿರುಗಿಸುವ ಮೀಡಿಯಾ ಕನ್ವರ್ಟರ್ ಎಂಬ ಡಬ್ಬಿ, ತುದಿಗೊಂದರಂತೆ ಎರಡು. ಎರಡು ಮೂರು ಅಡಿಯ ನೆಟ್‌ವರ್ಕ್ ವಯರು ಎರಡು. ಹೊರಕೋಣೆಗೊಂದು ವೈಫೈ ರೂಟರ್, ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯದೂ ಆದೀತು.

ಕೊಳ್ಳುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಒಂದೇ ಎಳೆಯಲ್ಲಿ ಹೋಗುವ ಬರುವ ಎರಡೂ ಕೆಲಸ ಮಾಡುವ ಕನ್ವರ್ಟರುಗಳು ಎ ಮತ್ತು ಬಿ ಎಂದು ಜೋಡಿಯಾಗಿ ಬರುತ್ತವೆ. ಎ ಡಬ್ಬಿ 1310 ನ್ಯಾನೋಮೀಟರ್ ಬೆಳಕು ಕಳಿಸಿ 1550ರದ್ದನ್ನು ಪಡೆಯುತ್ತದೆ, ಬಿ ಅದಕ್ಕೆ ತಿರುಗುಮುರುಗು. ಎರಡೂ ಎ ತಂದರೆ ಇಬ್ಬರೂ ಮಾತಾಡುವವರೇ, ಕೇಳುವವರಿಲ್ಲ. ಎರಡನೆಯದು ತುದಿಯ ಬಣ್ಣ. ನಿಮ್ಮ ಮನೆಯ ಇಂಟರ್‌ನೆಟ್ ಡಬ್ಬಿಗೆ ಬಂದಿರುವ ತುದಿ ಸಾಮಾನ್ಯವಾಗಿ ಹಸಿರು, ಅದರ ಗಾಜನ್ನು ಓರೆಯಾಗಿ ಉಜ್ಜಿರುತ್ತಾರೆ. ಕನ್ವರ್ಟರುಗಳಿಗೆ ಹೋಗುವುದು ಬಹುತೇಕ ನೀಲಿ ತುದಿ, ಅದು ಓರೆಯಿಲ್ಲದ್ದು. ಹಸಿರನ್ನು ನೀಲಿಯ ಕಿಂಡಿಗೆ ತುರುಕಿದರೆ ಒಳಗೆ ಕೂರುತ್ತದೆ, ಆದರೆ ಗಾಜಿಗೆ ಗಾಜು ಸರಿಯಾಗಿ ಸೇರದೆ ಬೆಳಕು ಸೋರುತ್ತದೆ. ಇಂಥ ಒಂದು ಮನೆಯಲ್ಲಿ ಮೂರು ತಿಂಗಳು ಎಲ್ಲರೂ ಕೇಬಲ್ಲನ್ನೇ ಬೈಯುತ್ತಿದ್ದರು.

ತುದಿ ಸೇರಿಸುವುದು ಮಾತ್ರ ನಮ್ಮ ಕೈಯ ಕೆಲಸವಲ್ಲ. ಎರಡು ಗಾಜಿನೆಳೆಗಳನ್ನು ಕಿಡಿಯಿಂದ ಕರಗಿಸಿ ಬೆಸೆಯುವ ಯಂತ್ರ ನಿಮ್ಮ ಊರಿನ ಕೇಬಲ್ ಆಪರೇಟರ್ ಬಳಿ ಇರುತ್ತದೆ. ಎರಡು ತುದಿಗೆ ನೀಲಿ ಕನೆಕ್ಟರ್ ಬೆಸೆದುಕೊಡಲು ಅವರಿಗೆ ಅರ್ಧ ಗಂಟೆ ಸಾಕು. ತುದಿ ಹಾಕಿಯೇ ಸಿದ್ಧಪಡಿಸಿದ ಕೇಬಲ್ಲುಗಳೂ ಸಿಗುತ್ತವೆ, ಆದರೆ ತುದಿ ಸಮೇತ ಪೈಪಿನಲ್ಲಿ ನುಸುಳಬೇಕಾದ್ದರಿಂದ ಪೈಪು ದೊಡ್ಡದಿರಬೇಕು. ಆಪರೇಟರು ನಿಮ್ಮ ಮನೆಗೆ ತಂದಿರುವ ಮೂಲ ಫೈಬರನ್ನೇ ಕತ್ತರಿಸಿ ಎರಡಾಗಿ ಮಾಡಲು ಹೋಗಬೇಡಿ, ಅದು ಆ ರೀತಿ ನಡೆಯುವುದಿಲ್ಲ. ತುಂಡಾದ ಗಾಜಿನ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದು, ಬೆರಳಿಗೆ ಹೊಕ್ಕರೆ ತೆಗೆಯುವುದು ಕಷ್ಟ. ಕೆಲಸ ನಡೆದ ಜಾಗದಲ್ಲಿ ಮಕ್ಕಳು ಕೂರದಂತೆ, ಚೂರುಗಳು ಮೇವಿಗೆ ಸೇರದಂತೆ ಎಚ್ಚರ ವಹಿಸಿರಿ. ಕೇಬಲ್ಲಿನ ತುದಿಯನ್ನು ಕಣ್ಣಿಗೆ ಹಿಡಿದು "ಬೆಳಕು ಬರುತ್ತಿದೆಯೇ" ಎಂದು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು.

ಇನ್ನೊಂದು ಸೂಕ್ಷ್ಮವಿದೆ. ಮೇಲಿನಿಂದ ಎಳೆಯುವ ಫೈಬರ್ ಕೇಬಲ್ಲುಗಳಲ್ಲಿ ಭಾರ ತಡೆಯಲು ಪಕ್ಕದಲ್ಲೇ ಉಕ್ಕಿನ ತಂತಿ ಇರುತ್ತದೆ. ಆ ತಂತಿ ಎರಡೂ ಮನೆಯೊಳಗೆ ಬಂದರೆ ಗಾಜು ಹಾಕಿದ ಉದ್ದೇಶವೇ ಕೆಟ್ಟಿತು. ಉಕ್ಕಿನ ಬದಲು ನಾರಿನ ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲ್ಲನ್ನು ಕೇಳಿ ತನ್ನಿ. ಸಿಗದಿದ್ದರೆ ಉಕ್ಕಿನ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಿ, ಗಾಜಿನೆಳೆ ಮಾತ್ರ ಒಳಗೆ ಬರಲಿ.

ಹೂಳುವ ಕೆಲಸ

ಮೇಲಿನಿಂದ ಎಳೆಯುವುದು ಸುಲಭ ಎನಿಸುತ್ತದೆ. ಸುಗ್ಗಿಯಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರು ಒಮ್ಮೆ ಒಳಗೆ ಬಂದಾಗ ಗೊತ್ತಾಗುತ್ತದೆ. ಮೇಲೆಯೇ ಎಳೆಯಬೇಕಾದರೆ ಹುಲ್ಲಿನ ಹೊರೆಗೂ ಎರಡು ಮಾರು ಮೇಲಿರಲಿ, ಕರೆಂಟಿನ ಕಂಬಕ್ಕೆ ಕಟ್ಟಬೇಡಿ, ಕರೆಂಟಿನ ತಂತಿಯ ಕೆಳಗೆ ಮೇಲೆ ಹಾಯಿಸಬೇಡಿ. ಹೂಳುವುದೇ ಲೇಸು.

ಒಂದೂವರೆ ಅಡಿ ಆಳದ ಕಾಲುವೆ ಸಾಕು. ಟ್ರ್ಯಾಕ್ಟರು, ಎತ್ತಿನಗಾಡಿ ಹಾಯುವ ಕಡೆ ಮೂರು ಅಡಿ. ಗುದ್ದಲಿ, ನೇಗಿಲು ಬೀಳುವ ತೋಟದ ನಡುವೆ ಹಾಯಿಸದೆ ಬೇಲಿಯ ಸಾಲಿನಲ್ಲಿ ಒಯ್ಯಿರಿ. ಫೈಬರನ್ನು ಬರಿ ಮಣ್ಣಿನಲ್ಲಿ ಹೂಳಬಾರದು, ಹೆಗ್ಗಣ ಕಡಿಯುತ್ತದೆ. ಹನಿ ನೀರಾವರಿಯಲ್ಲಿ ಉಳಿದ ಕಪ್ಪು ಪೈಪು, ಒಂದಿಂಚಿನದು, ಬಹಳ ಚೆನ್ನಾಗಿ ಒದಗುತ್ತದೆ. ತೂತಿಲ್ಲದ್ದನ್ನು ಆರಿಸಿಕೊಳ್ಳಿ. ಪೈಪಿನೊಳಗೆ ಕೇಬಲ್ಲಿನ ಜೊತೆಗೆ ಒಂದು ನೈಲಾನ್ ಹುರಿಯನ್ನೂ ಬಿಟ್ಟಿರಿ. ನಾಳೆ ಕೇಬಲ್ಲು ಕೆಟ್ಟರೆ ಹೊಸದನ್ನು ಅದೇ ಹುರಿಗೆ ಕಟ್ಟಿ ಎಳೆದುಕೊಳ್ಳಬಹುದು, ಮತ್ತೆ ಅಗೆಯುವ ಕೂಲಿ ಉಳಿಯುತ್ತದೆ. ಪೈಪು ತಿರುಗುವಲ್ಲಿ ಮೊಣಕೈ ಜಾಯಿಂಟು ಹಾಕದೆ ಅಗಲವಾಗಿ ಬಾಗಿಸಿ. ಗಾಜು ಸಣ್ಣ ಸುತ್ತಿಗೆ ಬಗ್ಗಿದರೆ ಮುರಿಯದಿದ್ದರೂ ಬೆಳಕು ಸೋರುತ್ತದೆ. ಹೊರಗೆ ಉಳಿದ ಕೇಬಲ್ಲನ್ನು ಊಟದ ತಟ್ಟೆಯಷ್ಟು ಅಗಲದ ಸುರುಳಿ ಮಾಡಿಡಿ, ಮುಷ್ಟಿಗೆ ಸುತ್ತಬೇಡಿ. ಪೈಪಿನ ಎರಡೂ ಬಾಯಿಗಳನ್ನು ಇರುವೆ, ನೀರು ಹೋಗದಂತೆ ಮುಚ್ಚಿರಿ. ಕರೆಂಟಿನ ವಯರನ್ನು ಇದೇ ಪೈಪಿನಲ್ಲಿ ತುರುಕುವುದು ಬೇಡ. ಬೇರೆ ಪೈಪು, ಒಂದು ಅಡಿ ಆಚೆ. ಮುಂದೆ ದುರಸ್ತಿಗೆ ಅಗೆಯುವವನ ಜೀವದ ಪ್ರಶ್ನೆ ಅದು. ರಸ್ತೆ ದಾಟಿಸಬೇಕಾದರೆ ಪಂಚಾಯಿತಿಯನ್ನು ಕೇಳದೆ ಅಗೆಯಬೇಡಿ.

ಕನ್ವರ್ಟರನ್ನಾಗಲಿ ರೂಟರನ್ನಾಗಲಿ ಕೊಟ್ಟಿಗೆಯ ಗೋಡೆಗೆ ಬರಿದಾಗಿ ತೂಗುಹಾಕಬೇಡಿ. ಗಂಜಲದಿಂದ ಏಳುವ ಅಮೋನಿಯಾ ಮತ್ತು ಕೊಟ್ಟಿಗೆ ತೊಳೆಯುವ ನೀರಿನ ತೇವ ಸೇರಿ, ವಯರಿನ ತುದಿಯ ಹೊಳೆಯುವ ಪಿನ್ನುಗಳು ಹಸಿರುಗಟ್ಟುತ್ತವೆ. ಕೊಟ್ಟಿಗೆಯ ಕ್ಯಾಮೆರಾಕ್ಕೆ ರಬ್ಬರು ಅಂಚಿನ ಪ್ಲಾಸ್ಟಿಕ್ ಪೆಟ್ಟಿಗೆ ಹಾಕಿಸಿ, ವಯರು ಪೆಟ್ಟಿಗೆಯ ಕೆಳಗಿನಿಂದ ಒಳಹೋಗಲಿ.

ಎದುರುಬದುರು ರೇಡಿಯೋ

ನಡುವೆ ಹಳ್ಳವಿದ್ದರೆ, ಡಾಂಬರು ರಸ್ತೆಯಿದ್ದರೆ, ಅಥವಾ ಮಾತು ಬಿಟ್ಟ ದಾಯಾದಿಯ ಜಮೀನಿದ್ದರೆ ಅಗೆಯುವಂತಿಲ್ಲ. ಆಗ ರೇಡಿಯೋ ಜೋಡಿ ಉಪಯೋಗಕ್ಕೆ ಬರುತ್ತದೆ. ಅಂಗೈ ಅಗಲದ ಎರಡು ಬಿಳಿ ಡಬ್ಬಿಗಳು, ಒಂದಕ್ಕೊಂದು ಮುಖ ಮಾಡಿ ಸೂರಿನ ಕೆಳಗೆ ನಿಲ್ಲಿಸುವಂಥವು. 5 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಹೊರಗಡೆಯೂ ಬಳಸಲು 2018ರಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಆದ್ದರಿಂದ ಈಗ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದೇ ಷರತ್ತು: ಒಂದು ಡಬ್ಬಿ ಇನ್ನೊಂದಕ್ಕೆ ಕಾಣಬೇಕು. ಗೆರೆ ಎಳೆದಷ್ಟು ಕಂಡರೆ ಸಾಲದು, ಸುತ್ತಲೂ ಜಾಗ ಬೇಕು. 100 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಸುಮಾರು ನಾಲ್ಕು ಅಡಿ, 300 ಮೀಟರಿಗೆ ಸುಮಾರು ಏಳು ಅಡಿ ಸುತ್ತಳತೆಯ ಎಲ್ಲ ಕಡೆಗೂ ಖಾಲಿ ಇರಬೇಕು. ಬೇಸಿಗೆಯಲ್ಲಿ ಹಾಕಿಸಿ ಮಳೆಗಾಲದಲ್ಲಿ ಪೇಚಾಡುವವರು ಬಹಳ. ಚಿಗುರಿದ ಹೊಂಗೆ, ನೆನೆದ ತೆಂಗಿನ ಗರಿ ಅಲೆಯನ್ನು ಕುಡಿದುಬಿಡುತ್ತವೆ. ಸಿಡಿಲಿನ ದೃಷ್ಟಿಯಿಂದ ಡಬ್ಬಿಯನ್ನು ನೀರಿನ ಟ್ಯಾಂಕಿನ ತುದಿಗೆ, ಕಬ್ಬಿಣದ ಉದ್ದ ಕೊಳವೆಗೆ ಏರಿಸಬೇಡಿ. ಕಾಣುವಷ್ಟು ಎತ್ತರವಿದ್ದರೆ ಸಾಕು. ಡಬ್ಬಿಯ ಜೊತೆ ಬಂದ ಕರೆಂಟಿನ ಅಡಾಪ್ಟರನ್ನೇ ಬಳಸಿ. ಕೆಲವಕ್ಕೆ 24 ವೋಲ್ಟ್, ಕೆಲವಕ್ಕೆ 48. ಅದಲುಬದಲಾದರೆ ಸುಡುತ್ತದೆ.

ಹೊರಕೋಣೆಯ ರೂಟರನ್ನು ಹೊಂದಿಸುವುದು

ಸಂಘದಲ್ಲಿ ಕಾರ್ಯದರ್ಶಿ ಪ್ರತಿ ಸದಸ್ಯನಿಗೂ ಒಂದು ಸಂಖ್ಯೆ ಕೊಡುತ್ತಾರೆ. ಒಂದೇ ಸಂಘದಲ್ಲಿ ಇಬ್ಬರು ಕಾರ್ಯದರ್ಶಿಗಳು ಕೂತು ತಮ್ಮ ತಮ್ಮ ಪುಸ್ತಕದಿಂದ ಸಂಖ್ಯೆ ಕೊಡತೊಡಗಿದರೆ 27ನೇ ನಂಬರು ಇಬ್ಬರಿಗೆ ಹೋಗಿ, ಬಟವಾಡೆಯ ದಿನ ಜಗಳ ಖಂಡಿತ. ಮನೆಯ ರೂಟರು ಫೋನು, ಲ್ಯಾಪ್‌ಟಾಪುಗಳಿಗೆ ಸಂಖ್ಯೆ ಕೊಡುವ ಕಾರ್ಯದರ್ಶಿ. ಈ ಕೆಲಸಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ಎರಡನೆಯ ರೂಟರಿನಲ್ಲಿ ಇದನ್ನು ನಿಲ್ಲಿಸಬೇಕು.

ಹೊಸ ಮಾದರಿಗಳಲ್ಲಿ "ಆಕ್ಸೆಸ್ ಪಾಯಿಂಟ್" ಎಂಬ ಆಯ್ಕೆ ಇರುತ್ತದೆ, ಅದನ್ನು ಒತ್ತಿದರೆ ಎಲ್ಲವೂ ತಾನಾಗಿ ಆಗುತ್ತದೆ. ಹಳೆಯದಾದರೆ ಹೀಗೆ ಮಾಡಿ. ಫೈಬರಿಗೆ ಸೇರಿಸುವ ಮೊದಲೇ ಲ್ಯಾಪ್‌ಟಾಪನ್ನು ಆ ರೂಟರಿಗೆ ಮಾತ್ರ ಸೇರಿಸಿ ಅದರ ಪುಟ ತೆರೆಯಿರಿ. ಮನೆಯ ರೂಟರಿನ ವಿಳಾಸ 192.168.1.1 ಇದ್ದರೆ ಇದಕ್ಕೆ 192.168.1.2 ಕೊಡಿ. ಮೊದಲ ರೂಟರು ಆ ಸಂಖ್ಯೆಯನ್ನು ಬೇರೆಯವರಿಗೆ ಹಂಚದಂತೆ ಅದರ ಪಟ್ಟಿಯನ್ನು 10ರಿಂದಲೋ 100ರಿಂದಲೋ ಆರಂಭಿಸಿ. ಎರಡನೆಯದರಲ್ಲಿ ಡಿ.ಎಚ್.ಸಿ.ಪಿ. ನಿಲ್ಲಿಸಿ. ಕನ್ವರ್ಟರಿನಿಂದ ಬಂದ ವಯರನ್ನು ಬೇರೆ ಬಣ್ಣದ ವ್ಯಾನ್ ಕಿಂಡಿಗೆ ಹಾಕದೆ, ಸಾಲಾಗಿರುವ ಲ್ಯಾನ್ ಕಿಂಡಿಗಳಲ್ಲಿ ಒಂದಕ್ಕೆ ಹಾಕಿ. ವೈಫೈ ಹೆಸರು, ಗುಪ್ತಪದ ಎರಡೂ ಕಡೆ ಒಂದೇ ಇಟ್ಟರೆ ಅಂಗಳದಲ್ಲಿ ನಡೆಯುವಾಗ ಫೋನು ತಾನೇ ಬದಲಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್ ಚಾನಲನ್ನು ಮನೆಯದಕ್ಕೆ 1, ಹೊರಕೋಣೆಗೆ 6 ಅಥವಾ 11 ಇಡಿ. ಹೊಸ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ರೂಟರಿನ ಬೆನ್ನಿಗೆ ಅಂಟಿಸಿ. ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕೆಲಸ ಮಾಡುವ ಲ್ಯಾಪ್‌ಟಾಪು ಒಂದೇ ಜಾಗದಲ್ಲಿದ್ದರೆ ಅದನ್ನು ವೈಫೈಗೆ ಬಿಡದೆ ವಯರಿನಲ್ಲೇ ಈ ರೂಟರಿಗೆ ಸೇರಿಸಿ. ಒಂದೇ ಕೋಣೆಯೊಳಗಿನ ತಾಮ್ರದ ವಯರು ಮೇಲೆ ಹೇಳಿದ ಅಪಾಯಕ್ಕೆ ಸೇರಿದ್ದಲ್ಲ.

ಕರೆಂಟು ಹೋದಾಗ

ಮನೆಯ ಇಂಟರ್‌ನೆಟ್ ಡಬ್ಬಿಗೆ ಯು.ಪಿ.ಎಸ್. ಇದೆ, ಹೊರಕೋಣೆಯ ರೂಟರಿಗೂ ಇದೆ, ಆದರೂ ಕರೆಂಟು ಹೋದೊಡನೆ ಸಂಪರ್ಕ ಕಡಿಯುತ್ತದೆ ಎಂದು ಒಬ್ಬ ಸದಸ್ಯರು ದೂರಿದರು. ಹೋಗಿ ನೋಡಿದರೆ ಮನೆಯ ಕಡೆಯ ಕನ್ವರ್ಟರು ಗೋಡೆಯ ಪ್ಲಗ್ಗಿನಲ್ಲೇ ಇತ್ತು. ಸರಪಳಿಯಲ್ಲಿರುವ ನಾಲ್ಕೂ ಡಬ್ಬಿಗಳಿಗೆ ಬ್ಯಾಟರಿ ಬೇಕು: ಇಂಟರ್‌ನೆಟ್ ಡಬ್ಬಿ, ಎರಡು ಕನ್ವರ್ಟರು, ಹೊರಗಿನ ರೂಟರು. ಇವು ಬಳಸುವ ಕರೆಂಟು ತೀರ ಕಡಿಮೆ, ಮನೆಯ ಇನ್ವರ್ಟರಿನ ಲೈನಿನಲ್ಲೇ ಸೇರಿಸಬಹುದು. ರೂಟರಿಗೆಂದೇ ಬರುವ ಸಣ್ಣ ಯು.ಪಿ.ಎಸ್. ಕೊಳ್ಳುವುದಾದರೆ ಡಬ್ಬಿಯ ಮೇಲೆ ಬರೆದಿರುವ ವೋಲ್ಟ್ ನೋಡಿ. ರೂಟರುಗಳು ಹೆಚ್ಚಾಗಿ 12 ವೋಲ್ಟಿನವು, ಕನ್ವರ್ಟರುಗಳು ಹೆಚ್ಚಾಗಿ 5 ವೋಲ್ಟಿನವು, ತುದಿಯ ಪಿನ್ನು ನೋಡಲು ಒಂದೇ ತೆರ. 5ರದ್ದಕ್ಕೆ 12 ಕೊಟ್ಟರೆ ಆ ಕ್ಷಣವೇ ಹಾಳು.

ಫೈಬರ್ ಹಾಕಿದಿರೆಂದು ಗುಡುಗಿನ ಹೊತ್ತಿನಲ್ಲಿ ಮೈಮರೆಯುವುದು ಬೇಡ. ಕರೆಂಟಿನ ಲೈನಿನ ಮೂಲಕವೂ ಸಿಡಿಲಿನ ಹೊಡೆತ ಬರುತ್ತದೆ. ಗುಡುಗು ಕೇಳಿಸಿದೊಡನೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮಾಡಲಿ, ವಯರಿನ ಹೆಡ್‌ಫೋನ್ ಕಳಚಲಿ. ಹಸುಗಳನ್ನು ಮರದ ಬುಡದಿಂದ ಬಿಡಿಸಿ ಒಳಗೆ ಕಟ್ಟುವ ಕೆಲಸವೂ ಆಗಲೇ ಆಗಬೇಕು. ಹತ್ತಿರದಲ್ಲಿ ಸಿಡಿಲು ಬೀಳುತ್ತಿರುವುದನ್ನು ಫೋನಿನಲ್ಲಿ ತಿಳಿಸುವ "ದಾಮಿನಿ" ಎಂಬ ಆ್ಯಪನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಉಚಿತವಾಗಿ ಕೊಟ್ಟಿದ್ದಾರೆ, ಹಾಕಿಕೊಳ್ಳಿರಿ.

ಅಣ್ಣನ ಮನೆಯ ಫೈಬರು ಹೂತ ಮೇಲೆ ಎರಡು ಮಳೆಗಾಲ ಕಳೆಯಿತು. ಉಳಿದ ಒಂದು ತೆಂಗಿನ ಮರಕ್ಕೂ ಸಿಡಿಲು ಹೊಡೆಯಿತು, ಡಬ್ಬಿಗಳಿಗೆ ಏನೂ ಆಗಲಿಲ್ಲ. ಕೇಬಲ್ಲು ತುಂಡಾದದ್ದು ಬೇರೆ ಕಾರಣದಿಂದ. ಗೊಬ್ಬರದ ಗುಂಡಿ ತೋಡಲು ಬಂದ ಜೆ.ಸಿ.ಬಿ.ಯವನಿಗೆ ಪೈಪು ಎಲ್ಲಿ ಹಾಯ್ದಿದೆಯೆಂದು ಹೇಳುವವರು ಅಂದು ಮನೆಯಲ್ಲಿರಲಿಲ್ಲ. ಆದ್ದರಿಂದ ಮಣ್ಣು ಮುಚ್ಚುವ ಮೊದಲು ಕಾಲುವೆಯ ಫೋಟೋ ತೆಗೆದಿಟ್ಟುಕೊಳ್ಳಿ. ಗೋಡೆಯಿಂದ ಎಷ್ಟು ಅಡಿ, ಬಾವಿಯಿಂದ ಎಷ್ಟು ಅಡಿ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದು, ಹಸುಗಳ ವಿಮೆಯ ಕಾಗದಗಳ ಜೊತೆಯಲ್ಲಿಡಿ.